ಓಟದ ಕಾರಿಗೆ ಜೋಳದ ನೈವೇದ್ಯ

ಅಮೆರಿಕದ ವೇಗಪ್ರಿಯರ ಗ್ಯಾರೇಜುಗಳಲ್ಲಿ ಎರಡು ದಶಕಗಳಿಂದ ಒಂದು ವಿಚಿತ್ರ ದೀಕ್ಷಾವಿಧಿ ನಡೆಯುತ್ತ ಬಂದಿದೆ. ಪೆಟ್ರೋಲಿನಲ್ಲಿ ಓಡುತ್ತಿದ್ದ ಬಲಿಷ್ಠ ಕಾರುಗಳ ಇಂಧನ ವ್ಯವಸ್ಥೆಯನ್ನು ಕಳಚಿ, 'ಇ-85' ಎಂಬ ಎಥನಾಲ್ ಮಿಶ್ರಣಕ್ಕೆ ಅವನ್ನು ಸಜ್ಜುಗೊಳಿಸಲಾಗುತ್ತದೆ. ಇದರಿಂದ ಸಿಗುವುದು ಹೆಚ್ಚಿನ ವೇಗ. ಅದರೊಡನೆ 'ಪರಿಸರಸ್ನೇಹಿ' ಎಂಬ ಬಿರುದೂ ಉಚಿತ!

ಬಿರುದಿಗಿಂತ ಮೊದಲು ಯಂತ್ರವನ್ನು ಗಮನಿಸಬೇಕು. ಎಥನಾಲಿನ ಆಕ್ಟೇನ್ ಅಂಕ ಪೆಟ್ರೋಲಿನದಕ್ಕಿಂತ ಹೆಚ್ಚು. ಆವಿಯಾಗುವಾಗ ಅದು ಅಧಿಕ ಶಾಖವನ್ನು ಹೀರಿ, ಎಂಜಿನ್ನಿಗೆ ಹೋಗುವ ಗಾಳಿಯನ್ನು ತಂಪಾಗಿಸುತ್ತದೆ. ಆದ್ದರಿಂದ ಟರ್ಬೋ ಒತ್ತಡವನ್ನು ಏರಿಸಿದರೂ ಇಂಧನ ಅಕಾಲದಲ್ಲಿ ಸಿಡಿದು ಎಂಜಿನ್ ಹಾಳಾಗುವ ಭಯ ಕಡಿಮೆ. 2023ರಲ್ಲಿ ಡಾಡ್ಜ್ ಕಂಪನಿ ಹೊರತಂದ 'ಡೀಮನ್ 170' ಇ-85 ಕುಡಿದೇ 1,025 ಅಶ್ವಶಕ್ತಿ ತೋರಿಸಿತು. ಇಷ್ಟನ್ನು ಅಲ್ಲಗಳೆಯಬೇಕಾಗಿಲ್ಲ.

ಆದರೆ ಲೀಟರಿಗೆ ಲೀಟರ್ ಹೋಲಿಸಿದರೆ ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿನ ಮೂರನೇ ಎರಡು ಪಾಲು ಮಾತ್ರ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು. ಇ-85ಕ್ಕೆ ಹತ್ತು ಕಿಲೋ ಕೂಡ ಬೇಡ. ಅರ್ಥಾತ್, ಅಷ್ಟೇ ಗಾಳಿಗೆ ತೂಕದಲ್ಲಿ ಸುಮಾರು ಒಂದೂವರೆ ಪಟ್ಟು ಇಂಧನ ಸುರಿಯಬೇಕು. 'ಉನ್ನತೀಕರಣ'ದ ಗುಟ್ಟೆಲ್ಲ ಇಲ್ಲಿದೆ. ಟ್ಯಾಂಕಿನೊಳಗಿನ ಪಂಪು ದೊಡ್ಡದಾಗಬೇಕು, ಇಂಜೆಕ್ಟರುಗಳು ಹೆಚ್ಚು ಇಂಧನ ಚಿಮ್ಮಬೇಕು, ಎಥನಾಲಿಗೆ ತಾಳದ ರಬ್ಬರ್ ಕೊಳವೆಗಳ ಜಾಗಕ್ಕೆ ಟೆಫ್ಲಾನ್ ಒಳಪದರದ ಕೊಳವೆಗಳು ಬರಬೇಕು. ಅಲ್ಲಿನ ಬಂಕುಗಳ ಇ-85ರಲ್ಲಿ ಎಥನಾಲ್ ಪ್ರಮಾಣ ಶೇಕಡಾ 51ರಿಂದ 83ರವರೆಗೆ ಏರಿಳಿಯಲು ಅವಕಾಶವಿದೆ (85 ಎಂಬುದು ಹೆಸರಿಗಷ್ಟೇ). ಅದನ್ನು ಅಳೆಯಲೊಂದು ಸಂವೇದಕ ಬೇಕು, ಕಾರಿನ ಕಂಪ್ಯೂಟರಿಗೆ ಹೊಸ ಪಾಠವೂ ಆಗಬೇಕು. ಇಷ್ಟಾದ ಮೇಲೆ 600 ಅಶ್ವಶಕ್ತಿಯ ಎಂಜಿನ್ ಪೂರ್ಣ ಬಿರುಸಿನಲ್ಲಿ ನಿಮಿಷಕ್ಕೆ ನಾಲ್ಕು ಲೀಟರಿನಷ್ಟು ಹೀರುತ್ತದೆ. ಪರಿಸರಸ್ನೇಹವೆಂದರೆ ಇದೇ ಏನು?

ಹೊಲದ ಲೆಕ್ಕ ಇನ್ನೂ ಕಠೋರವಾಗಿದೆ. ಅಮೆರಿಕದ ಎಥನಾಲಿನ ಬಹುಪಾಲು ಮುಸುಕಿನ ಜೋಳದಿಂದ ಬರುತ್ತದೆ. ಒಂದು ಬುಶೆಲ್, ಅಂದರೆ 25.4 ಕಿಲೋ ಕಾಳಿನಿಂದ ಹತ್ತೂವರೆ ಲೀಟರ್ ಸಿಗುತ್ತದೆ. 70 ಲೀಟರಿನ ಟ್ಯಾಂಕಿಗೆ ಹಿಡಿಸುವ ಇ-85ರ ಹಿಂದೆ 140 ಕಿಲೋದಷ್ಟು ಜೋಳವಿದೆ. ದಿನಕ್ಕೆ ಅರ್ಧ ಕಿಲೋ ಧಾನ್ಯ ಉಣ್ಣುವವನಿಗೆ ಅದು ಒಂಬತ್ತು ತಿಂಗಳ ಗ್ರಾಸ. ಮೂರನೇ ಒಂದು ಭಾಗದಷ್ಟು ಗಸಿ ಪಶು ಆಹಾರವಾಗಿ ಮರಳುತ್ತದೆಂಬ ಉದ್ಯಮದ ವಾದ ಸುಳ್ಳಲ್ಲ; ಮರಳದೇ ಇರುವುದು ಪಿಷ್ಟ, ಮಣ್ಣು ಮತ್ತು ನೀರು.

2005ರಲ್ಲಿ ಬಂದು 2007ರಲ್ಲಿ ವಿಸ್ತಾರಗೊಂಡ ಅಲ್ಲಿನ ಜೈವಿಕ ಇಂಧನ ಶಾಸನ ಜೋಳದ ಬೇಸಾಯವನ್ನು ಹಿಗ್ಗಿಸಿತು. ಹುಲ್ಲುಗಾವಲುಗಳು ನೇಗಿಲಿಗೆ ಸಿಕ್ಕವು. ಹೊಲಗಳ ಸಾರಜನಕ ಮಿಸಿಸಿಪ್ಪಿ ನದಿಯಲ್ಲಿ ಹರಿದು ಮೆಕ್ಸಿಕೋ ಕೊಲ್ಲಿಯಲ್ಲಿ ಪ್ರತಿ ಬೇಸಿಗೆಯೂ ಆಮ್ಲಜನಕವಿಲ್ಲದ ಮೃತವಲಯವನ್ನು ಸೃಷ್ಟಿಸುತ್ತಿದೆ. ಟೈಲರ್ ಲಾರ್ಕ್ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಭೂಬಳಕೆಯ ಬದಲಾವಣೆಯನ್ನೂ ಸೇರಿಸಿದರೆ ಜೋಳದ ಎಥನಾಲಿನ ಇಂಗಾಲದ ಹೊರೆ ಪೆಟ್ರೋಲಿಗಿಂತ ಕಡಿಮೆಯಲ್ಲ. ಶೇಕಡಾ 24ರಷ್ಟು ಹೆಚ್ಚಿರುವ ಸಾಧ್ಯತೆಯೇ ಅಧಿಕ. ಉದ್ಯಮ ಇದನ್ನು ಒಪ್ಪಿಲ್ಲ, ಅದು ಸಹಜ.

ಓಟದ ಕಾರುಗಳು ಬೆರಳೆಣಿಕೆಯವು, ಎಥನಾಲಿನ ಬಹುಪಾಲು ಸಾಮಾನ್ಯ ಪೆಟ್ರೋಲಿಗೇ ಬೆರೆಯುತ್ತದೆ ಎಂದು ಯಾರಾದರೂ ಹೇಳಬಹುದು. ಒಪ್ಪತಕ್ಕ ಮಾತು. ಆದರೆ ಶ್ರೀಮಂತನ ಮೋಜಿಗೂ ಹಸಿರು ಬಣ್ಣ ಬಳಿಯುವ ಅದೇ ಕುಂಚ ಈಗ ಭಾರತದಲ್ಲೂ ಆಡುತ್ತಿದೆ. 2003ರಲ್ಲಿ ಶೇಕಡಾ 5ರ ಮಿಶ್ರಣದಿಂದ ಆರಂಭವಾದ ಕಾರ್ಯಕ್ರಮ 2025ರಲ್ಲಿ ಶೇಕಡಾ 20ನ್ನು ಮುಟ್ಟಿತು. ಮೂಲ ಗಡುವು 2030 ಇತ್ತು. ಐದು ವರ್ಷ ಮೊದಲೇ ಗುರಿ ತಲುಪಿದ್ದನ್ನು ಸಂಭ್ರಮಿಸಿದವರು ನೀತಿ ಆಯೋಗದ 2021ರ ಮಾರ್ಗಸೂಚಿಯ ಒಂದು ಅಂಕಿಯನ್ನು ಮಾತ್ರ ಮರೆತರು. ಕಬ್ಬಿನಿಂದ ಒಂದು ಲೀಟರ್ ಎಥನಾಲ್ ತೆಗೆಯಲು ಬೇಕಾಗುವ ನೀರು ಸುಮಾರು 2,860 ಲೀಟರ್! ಮೇಲಿನ ಟ್ಯಾಂಕನ್ನು ಕಬ್ಬಿನ ಎಥನಾಲಿನಿಂದ ತುಂಬಿಸುವುದಾದರೆ ಒಂದೂವರೆ ಲಕ್ಷ ಲೀಟರಿಗೂ ಮಿಕ್ಕಿ ನೀರು ಬೇಕು.

ಆ ನೀರು ಹುಟ್ಟುವುದು ಘಟ್ಟದಲ್ಲಿ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಮೈದಳೆಯುವ ಮಲಪ್ರಭೆ ಬಯಲಿಗಿಳಿದು ಕಾಲುವೆ ಸೇರುತ್ತಾಳೆ. ಅತಿನೀರಾವರಿಯಾದೆಡೆ ಅಚ್ಚುಕಟ್ಟಿನ ಕಪ್ಪು ಭೂಮಿ ಸವಳು-ಜವಳಾಗಿದೆ. ಎಥನಾಲ್ ಘಟಕಕ್ಕೆ ಅನುಮತಿ ಕೊಡುವಾಗ ಕಾರ್ಖಾನೆಯ ಗೋಡೆಯೊಳಗಿನ ನೀರನ್ನಷ್ಟೇ ಅಳೆದರೆ ಸಾಲದು. ಕಬ್ಬಿನ ಗದ್ದೆ ಕುಡಿಯುವ ನೀರೂ ಅದೇ ಕಡತದಲ್ಲಿ ದಾಖಲಾಗಬೇಕು. ಪ್ರತಿ ಬಂಕಿನ ದರಫಲಕದಲ್ಲಿ ರೂಪಾಯಿಯ ಕೆಳಗೆ ಆ ಅಂಕಿಯನ್ನೂ ಬರೆಯಬೇಕು.