ಮರವೇರಿದವನ ಲೆಕ್ಕ

ಈ ಸಂಚಿಕೆ ತಮ್ಮ ಕೈ ಸೇರುವ ಹೊತ್ತಿಗೆ ಮಲೆನಾಡಿನ ಬಹುತೇಕ ಅಡಿಕೆ ತೋಟಗಳಲ್ಲಿ ಮೊದಲ ಸುತ್ತಿನ ಔಷಧಿ ಹೊಡೆದು ಮುಗಿದಿರುತ್ತದೆ. ಮೈಲುತುತ್ತ, ಸುಣ್ಣ ತಂದಿಟ್ಟುಕೊಂಡು ಇನ್ನೂ ಆಕಾಶ ನೋಡುತ್ತಿರುವವರೂ ಇದ್ದಾರು. ಮಳೆ ಹೊಳವಾದರೂ ಕೊನೆಗೌಡ ಸಿಗಬೇಕಲ್ಲ.

ನಮ್ಮ ಬಳಗದ ಕಳೆದ ಸಭೆಯಲ್ಲಿ ಇದೇ ವಿಷಯ ಎರಡು ತಾಸು ನಡೆಯಿತು. ನೆಲದ ಮೇಲೆ ನಿಂತೇ ಕೊನೆಗೆ ಔಷಧಿ ಹೊಡೆಯುವ ಕಾರ್ಬನ್ ಫೈಬರ್ ದೋಟಿ ಪಾರಂಪರಿಕ ಕೌಶಲವನ್ನು ನುಂಗುತ್ತದೆ ಎಂದರು ಕೆಲವರು. ಡ್ರೋನ್ ಬರುವವರೆಗೆ ಮಾತ್ರ ಈ ತಾಪತ್ರಯ ಎಂದರು ಮತ್ತೆ ಕೆಲವರು. ಬೋರ್ಡೋ ದ್ರಾವಣವನ್ನೇ ಬಿಟ್ಟು ಹಿರಿಯರ ಕೊಟ್ಟೆಗೆ ಮರಳಬೇಕೆಂಬ ವಾದವೂ ಬಂತು. ಪ್ರತಿಯೊಬ್ಬರೂ ವಿಜ್ಞಾನ ತಮ್ಮ ಕಡೆಗಿದೆ ಎಂದೇ ನಂಬಿದ್ದರು. ಆ ಹೊತ್ತಿನಲ್ಲಿ ಅದೇ ಮನೆಯ ಅಂಗಳದಲ್ಲಿ ಕೊನೆಗೌಡರೊಬ್ಬರು ಪಂಪಿನ ವಾಷರ್ ಬದಲಿಸುತ್ತ ಕುಳಿತಿದ್ದರು. ಅವರನ್ನು ಒಳಗೆ ಕರೆಯಬೇಕೆಂದು ಯಾರಿಗೂ ತೋಚಲಿಲ್ಲ. ನನಗೂ ತೋಚಲಿಲ್ಲ.

ಕೊಳೆರೋಗದ ಚರಿತ್ರೆಯಲ್ಲಿ ಇದು ಹೊಸ ಮರೆವೇನಲ್ಲ. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಈ ರೋಗದ ಕುರಿತು ವರದಿ ಪ್ರಕಟಿಸಿ, ಅದಕ್ಕೆ ಕಾರಣವಾದ ಜೀವಿಯನ್ನು ಗುರುತಿಸಿದರು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1885ರ ಸುಮಾರಿಗೆ ರೂಢಿಗೆ ಬಂದ ಬೋರ್ಡೋ ದ್ರಾವಣವನ್ನು ಅಡಿಕೆಗೆ ತಂದ ಕೀರ್ತಿಯೂ ಅವರದೇ. ಅದಕ್ಕೂ ಹಿಂದೆ ಪ್ರತಿ ಕೊನೆಗೂ ಕೊಟ್ಟೆ ಕಟ್ಟಿ ಮಳೆ ತಡೆಯುತ್ತಿದ್ದರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಅಂಟಿಗೆ ರಾಳ. ಕತ್ತಿಯ ಅಲಗನ್ನು ಅದ್ದಿದಾಗ ಕೆಂಪು ಹಿಡಿದರೆ ಸುಣ್ಣ ಸಾಲದು. ಈ ಪಾಠ ನಮ್ಮ ಮನೆಮನೆಗೂ ಗೊತ್ತು. ವಿಜ್ಞಾನ ಇಷ್ಟು ಸರಳವಾಗಿ ಜನರ ಕೈ ಸೇರಿದ ನಿದರ್ಶನಗಳು ಹೆಚ್ಚಿಲ್ಲ. ಆ ಬಗ್ಗೆ ನನಗೆ ಗೌರವವಿದೆ.

ಆದರೆ ಆ ದ್ರಾವಣ ಕೊನೆ ಮುಟ್ಟುವುದು ಹೇಗೆ? ಕಾಲಿಗೆ ತಳೆ ಹಾಕಿ, ಪಾಚಿಗಟ್ಟಿದ ಮರವನ್ನು ನಲವತ್ತು ಐವತ್ತು ಅಡಿ ಏರಿ, ಒಂದು ಕೈಯಲ್ಲಿ ಮರ ತಬ್ಬಿ ಇನ್ನೊಂದು ಕೈಯಲ್ಲಿ ಜಟ್ಟಿ ಹಿಡಿದು, ಮರದಿಂದ ಮರಕ್ಕೆ ತೂಗಿಕೊಂಡು ದಾಟುವವನೊಬ್ಬ ಇದ್ದಾನೆ. ಸೋಗೆಯಿಂದ ತೊಟ್ಟಿಕ್ಕುವ ನೀಲಿ ನೀರು ಅವನ ಕಣ್ಣಿಗೂ ಬೀಳುತ್ತದೆ. ಬಿಟ್ಟ ಉಸಿರಿನ ಜಾಗಕ್ಕೆ ಅದರ ತುಂತುರೇ ಹೋಗುತ್ತದೆ.

ನಾನು ಸಂಶೋಧನಾ ಕೇಂದ್ರವೊಂದರಲ್ಲಿದ್ದಾಗ ಮೂರು ಮಳೆಗಾಲ ಸಿಂಪಡಣೆಯ ಪ್ರಯೋಗ ನಡೆಸಿದೆ. ಉದುರಿದ ಕಾಯಿ ಎಣಿಸಿದೆವು. ಎರಡು ಸಿಂಪಡಣೆಗಳ ನಡುವಿನ ದಿನಗಳನ್ನು ಎಣಿಸಿದೆವು. ಮಣ್ಣಿನ ತಾಮ್ರ ಅಳೆದೆವು, ಎರೆಹುಳು ಎಣಿಸಿದೆವು. ಎರಡನೆಯ ವರ್ಷ ಮರವೇರುತ್ತಿದ್ದವರು ಬಿದ್ದು ಸೊಂಟ ಮುರಿದುಕೊಂಡರು. ಪ್ರಯೋಗದ ಟಿಪ್ಪಣಿಯಲ್ಲಿ ಆ ದಿನದ ಎದುರು ನಾನು ಬರೆದದ್ದು 'ಸಿಂಪಡಣೆ ಅಪೂರ್ಣ' ಎಂಬ ಎರಡೇ ಶಬ್ದ. ಆ ಪುಸ್ತಕ ಈಗಲೂ ನನ್ನಲ್ಲಿದೆ. ಅವರು ಮತ್ತೆ ಮರ ಹತ್ತಲಿಲ್ಲ.

ಪೋರ್ಚುಗಲ್ಲಿನ ದ್ರಾಕ್ಷಿ ತೋಟಗಳಲ್ಲಿ ವರ್ಷಗಟ್ಟಲೆ ಬೋರ್ಡೋ ಸಿಂಪಡಿಸಿದ ಕೂಲಿಕಾರರ ಶ್ವಾಸಕೋಶ ಹಾಳಾಗುವುದನ್ನು ಅಲ್ಲಿಯ ವೈದ್ಯರು 1969ರಲ್ಲೇ ದಾಖಲಿಸಿದ್ದರು. ನಾನಿದನ್ನು ಓದಿದ್ದು ಡಾಕ್ಟರೇಟ್ ಮುಗಿದು ಎಷ್ಟೋ ವರ್ಷಗಳ ಮೇಲೆ, ಅದೂ ಆಕಸ್ಮಿಕವಾಗಿ. ಸಾವಯವ ಕೃಷಿಯ ನಿಯಮಗಳು ಬೋರ್ಡೋವನ್ನು ಒಪ್ಪುತ್ತವೆ. ತಾಮ್ರ ಮಣ್ಣಿನಲ್ಲಿ ಕರಗಿ ಮಾಯವಾಗದು ಎಂಬ ಕಾರಣಕ್ಕೆ ಯುರೋಪಿನ ಒಕ್ಕೂಟ 2019ರಿಂದ ಹೆಕ್ಟೇರಿಗೆ ಏಳು ವರ್ಷಕ್ಕೆ 28 ಕಿಲೋ ತಾಮ್ರದ ಮಿತಿ ಹಾಕಿದೆ. ನಾವು ಪರಿಸರದವರು ಈ ಅಂಕಿಯನ್ನು ಬಾಯಿಪಾಠ ಹೇಳುತ್ತೇವೆ. ಎರೆಹುಳುವಿನ ಪರವಾಗಿ ಆಡುವ ಮಾತಿನ ಕಾಲುಭಾಗವನ್ನೂ ಮರದ ಮೇಲಿರುವವನ ಶ್ವಾಸದ ಬಗ್ಗೆ ಆಡಿಲ್ಲ. ತೋಟದ ಯಜಮಾನರೂ ಮರ ಏರುವವರೂ ಒಂದೇ ಕೇರಿಯವರಲ್ಲ ಎಂಬುದಕ್ಕೂ ಈ ಮೌನಕ್ಕೂ ಸಂಬಂಧವಿಲ್ಲವೆಂದು ಎದೆ ಮುಟ್ಟಿ ಹೇಳಬಲ್ಲೆವೇ?

ದೋಟಿ, ಡ್ರೋನ್, ಕೊಟ್ಟೆಗಳನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ನೋಡಬೇಕು. ದೋಟಿ ಬೀಳುವ ಭಯವನ್ನು ತಪ್ಪಿಸುತ್ತದೆ. ಇದು ಸಣ್ಣ ಲಾಭವಲ್ಲ. ಆದರೆ ದಿನವಿಡೀ ಕತ್ತೆತ್ತಿ ನಿಂತವನ ಮುಖಕ್ಕೇ ದ್ರಾವಣ ಇಳಿಯುತ್ತದೆ. ಕಾರ್ಬನ್ ಫೈಬರ್ ವಿದ್ಯುತ್ತನ್ನು ಹರಿಯಗೊಡುವ ವಸ್ತು. ತೋಟದ ಮೇಲೆ ತಂತಿ ಹಾದುಹೋಗಿರುವಲ್ಲಿ ಅದು ಸಾವಿನ ಕೋಲಾಗಬಹುದು. ಡ್ರೋನ್ ಮೇಲಿನಿಂದ ಅಲ್ಪ ಪ್ರಮಾಣದ ದ್ರಾವಣ ಚೆಲ್ಲುತ್ತದೆ. ಕೊನೆ ಇರುವುದು ಸೋಗೆಯ ಕೆಳಗೆ, ಬೋರ್ಡೋ ಕೆಲಸ ಮಾಡುವುದು ತಾಗಿದ ಜಾಗದಲ್ಲಿ ಮಾತ್ರ. ಸಣ್ಣ ಜಟ್ಟಿಯಲ್ಲಿ ಸುಣ್ಣ ಕಟ್ಟಿಕೊಳ್ಳುವ ಕಿರಿಕಿರಿ ಬೇರೆ. ಇನ್ನು ಕೊಟ್ಟೆ: ತಾಮ್ರವಿಲ್ಲ, ನಿಜ. ಆದರೆ ಕೊನೆ ಕೊನೆಗೂ ಏರಿ ಕಟ್ಟುವವನು ಅದೇ ಕೊನೆಗೌಡನೇ. ಅವನ ಮಗ ಬೆಂಗಳೂರಿನಲ್ಲಿ ಗಾಡಿ ಓಡಿಸುತ್ತಿದ್ದರೆ, ಕೌಶಲ ನಶಿಸುತ್ತಿದೆ ಎಂದು ಮರುಗಲು ನಮ್ಮ ಮಕ್ಕಳೇನು ಮರ ಹತ್ತುತ್ತಿದ್ದಾರೆಯೇ?

ನನ್ನ ಮಟ್ಟಿಗೆ ದೋಟಿ ಬರಲಿ. ಜತೆಗೆ ಕನ್ನಡಕ, ಮುಖಗವಸು, ಕೈಗವಸು, ಗಂಟೆಗೊಮ್ಮೆ ಬಿಡುವು, ಅಪಘಾತ ವಿಮೆ ಬರಲಿ. ಅವುಗಳ ಖರ್ಚು ತೋಟದ ಲೆಕ್ಕಕ್ಕೆ ಸೇರಲಿ, ಕೂಲಿಯಲ್ಲಿ ಕಡಿತವಾಗುವುದು ಬೇಡ. ಮಳೆಯ ಸೆಕೆಯಲ್ಲಿ ಮುಖಗವಸು ತೊಟ್ಟು ದುಡಿಯಲಾದೀತೇ ಎಂಬುದನ್ನು ಮಾತ್ರ ನಾನು ಮೇಜಿನ ಮುಂದೆ ಕುಳಿತು ತೀರ್ಮಾನಿಸಲಾರೆ. ತೊಟ್ಟವರೇ ಹೇಳಬೇಕು.

ಆದ್ದರಿಂದ ಬಳಗದ ಮುಂದಿನ ಸಭೆ ಎರಡನೆಯ ಸಿಂಪಡಣೆ ಮುಗಿದ ಮೇಲೆ, ಕೊನೆಗೌಡರ ಕೇರಿಯಲ್ಲಿ, ಅವರು ಹೇಳಿದ ದಿನ ನಡೆಯಲಿದೆ. ಮೊದಲು ಮಾತನಾಡುವವರು ಅವರೇ. ಬಂದವರ ಆ ದಿನದ ಕೂಲಿಯನ್ನು ಬಳಗವೇ ಭರಿಸಬೇಕೆಂಬ ಸಲಹೆ ಬಂದಿದೆ. ನಿಧಿಯಲ್ಲಿರುವ ಹಣ ಅದಕ್ಕೆ ಸಾಲದು. ಎಷ್ಟು ಕೊಡಬಲ್ಲಿರೆಂದು ಸದಸ್ಯರು ಆಷಾಢ ಮುಗಿಯುವುದರೊಳಗೆ ಬರೆದು ತಿಳಿಸಬೇಕಾಗಿ ವಿನಂತಿ.