ಹಳೇದು ಬ್ಯಾರೆ, ಸುಳ್ಳು ಬ್ಯಾರೆ

ಮೊನ್ನೆ ನಮ್ಮ ಓಣ್ಯಾಗ ಒಬ್ಬರ ಸೊಸಿ ಕುಬಸಕ್ಕ ಹೋಗಿದ್ದೆ. ಉಡಿ ತುಂಬಿ, ಊಟ ಮುಗಿಸಿ, ಎಲಿ ಅಡಕಿ ಹಾಕ್ಕೋತ ಕುಂತಾಗ ನಮ್ಮ ಗಾಡಿ ಮಾತು ಬಂತು. “ಹೋಗ್ಲಿ ಬಿಡ್ರಿ ಅಕ್ಕಾರ, ಸೆಕೆಂಡ್ ಹ್ಯಾಂಡ್ ಅಂದ್ರ ಹಂಗ ಇರ್ತೈತಿ. ನೀವ ನೋಡಿ ತಗೋಬೇಕಿತ್ತು” ಅಂತ ಒಬ್ಬಾಕಿ ಅಂದ್ಲು. ಸುತ್ತ ಕುಂತವರು ಹೌದಂತ ತಲಿ ಅಲ್ಲಾಡಿಸಿದ್ರು. ಶುಭಕಾರ್ಯದ ಮನ್ಯಾಗ ವಾದ ಬ್ಯಾಡಂತ ನಾ ಸುಮ್ಮನ ಎದ್ದು ಬಂದೆ. ಆದ್ರ ಇಲ್ಲಿ ಸುಮ್ಮನಿರಂಗಿಲ್ಲ. ದಸರಾ ಹತ್ತರ ಬಂತು, ಹಬ್ಬಕ್ಕ ಗಾಡಿ ತರೋರು ನಿಮ್ಮೊಳಗ ಎಷ್ಟೋ ಮಂದಿ ಇದ್ದೀರಿ.

ನಮ್ಮ ಕಥಿ ಅರ್ಧಾ ನಿಮಗ ಗೊತ್ತೈತಿ. ಓಣಿ ಹೆಣ್ಮಕ್ಕಳು ಬಡದ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕೂಡಿಸಿ ನಮ್ಮ ಮಗ ಹುಬ್ಬಳ್ಳಿ ಖಾನಾವಳಿಗೋಳಿಗೆ ಮುಟ್ಟಸ್ತಾನ. ಬೈಕಿಗೆ ಕಟ್ಟಿ ಒಯ್ದ್ರ ರೊಟ್ಟಿ ಮುರದು ಚೂರಾಗತಾವ. ಅದಕ್ಕ ಹೋದ ವರ್ಷ ದಸರಾದಾಗ 2017ರ ಮಾರುತಿ ಇಕೋ ಕಾರ್ಗೋ ಒಂದನ್ನ ಹಳೇ ಗಾಡಿ ಮಾರೋ ಒಬ್ಬ ಡೀಲರ್ ಕಡೆ ತಗೊಂಡ್ವಿ. ಅವಂದು 2,90,000 ರೂಪಾಯಿ. ಅದರಾಗ 1,60,000 ಎಲ್ಲಿಂದ ಬಂತು? ನನ್ನ ನಾಲ್ಕು ಪಾಟ್ಲಿ ಬ್ಯಾಂಕಿನ್ಯಾಗ ಒತ್ತಿ ಇಟ್ಟಾಗ ಬಂತು. ಗಾಡಿ ನೋಡಾಕ ಮಾತ್ರ ನನ್ನ ಕರಕೊಂಡು ಹೋಗಲಿಲ್ಲ. “ನೀ ಬಂದು ಏನ ಮಾಡ್ತಿ, ಅದು ಗಂಡಸರ ಕೆಲಸ” ಅಂದ್ರು ನಮ್ಮನಿಯವರು.

ಮೀಟರ್ 48,000 ಕಿಲೋಮೀಟರ್ ತೋರಸ್ತಿತ್ತಂತ. ಬಣ್ಣ ಹೊಳೀತಿತ್ತಂತ. “ಒಬ್ಬ ಡಾಕ್ಟರ್ ಔಷಧ ಸಾಗಸಾಕ ಇಟ್ಟಿದ್ದ ಗಾಡಿ, ಮನಿ ಮಗಳಂಗ ನೋಡಿಕೊಂಡಾರ” ಅಂದನಂತ ಡೀಲರ್. “15 ದಿನದಾಗ ನಿಮ್ಮ ಹೆಸರಿಗೆ ಮಾಡಿಸಿ ಕೊಡ್ತೇನಿ” ಅಂತ ಹೇಳಿ ಪೂರಾ ರೊಕ್ಕಾ ಇಸಗೊಂಡ. ಬಿಲ್ ಇಲ್ಲ. ಒಂದು ಹಾಳ್ಯಾಗ “ಗಾಡಿ ಇದ್ದ ಸ್ಥಿತಿಯಲ್ಲಿ ಕೊಟ್ಟಿದೆ” ಅಂತ ಬರದು ಮಗನ ಸಹಿ ತಗೊಂಡ.

ಖಂಡೇ ಪೂಜಿ ಮುಂಜಾನೆ ಗಾಡಿ ತೊಳ್ಯಾಕ ನಿಂತಾಕಿ ನಾನು. ಡ್ರೈವರ್ ಬಾಗಲಾ ತಗದು ಒದ್ದಿ ಅರಬಿಲೆ ಒರಸೋವಾಗ, ಬಾಗಲದ ಒಳ ಅಂಚಿನ್ಯಾಗ ಅರ್ಧಾ ಕಿತ್ತ ಒಂದು ಗ್ಯಾರೇಜ್ ಚೀಟಿ ಕಂಡಿತು. ಆಯಿಲ್ ಬದಲಿ ಮಾಡಿದಾಗ ಹಚ್ಚತಾರಲ್ಲ, ಅದು. ಗಾಡಿ ನಂಬರಿನ ಕಡೀ ನಾಲ್ಕು ಅಂಕಿ, ಕೆಳಗ ಮುಂದಿನ ಸರ್ವಿಸ್ 1,12,000 ಅಂತ ಬರದಿತ್ತು. ನಾ ಪಿಯುಸಿ ತನಕ ಕಲತಾಕಿ, ಆದ್ರ 48 ಸಾವಿರ ಸಣ್ಣದೋ 1 ಲಕ್ಷ 12 ಸಾವಿರ ಸಣ್ಣದೋ ಅನ್ನೋದು ತಿಳೀತೈತಿ. ಹಿಂದಿನ ರಬ್ಬರ್ ಮ್ಯಾಟ್ ಎತ್ತಿದೆ. ತಳದ ತಗಡು ಜಂಗು ತಿಂದು ಜರಡಿ ಆಗಿತ್ತು, ಮ್ಯಾಲ ಕರೀ ಬಣ್ಣ ಬಳದಿದ್ರು. ಪೂಜಿ ನಿಲ್ಲಿಸಿ ಫೋನ್ ಮಾಡಿಸಿದೆ. “ಅದು ಬ್ಯಾರೆ ಗಾಡಿ ಚೀಟಿ ಇರಬೇಕ್ರಿ ಅಕ್ಕಾರ” ಅಂದ. ನಂಬರ್ ಓದಿ ಹೇಳಿದ ಮ್ಯಾಲ ಫೋನ್ ಇಟ್ಟ.

ಈಗ “ಹಳೇದಂದ್ರ ಹಂಗ” ಅನ್ನೋರಿಗೆ ನನ್ನ ಉತ್ತರ ಇಷ್ಟ. ಹಳೇ ಸೀರಿ ತಗೊಂಡು ಸ್ಟೀಲ್ ಭಾಂಡಿ ಕೊಡಾಕಿ ನಮ್ಮ ಕಟ್ಟಿ ಮ್ಯಾಲ ಕುಂದರತಾಳಲ್ಲ, ಅಕಿ ಏನ ಮಾಡ್ತಾಳ? ಸೀರಿ ಬಿಚ್ಚಿ, ಬಿಸಲಿಗೆ ಹಿಡದು, ಒಂದೊಂದು ತೂತೂ ನಮಗ ತೋರಸಿ ರೇಟು ಹೇಳ್ತಾಳ. ಸೀರಿ ಹಳೇದು, ವ್ಯಾಪಾರ ಖರೆ. ಟೈರ್ ಸವದಿದ್ರ, ಸೀಟ್ ಹರದಿದ್ರ, ಕ್ಲಚ್ ಬಿಗಿ ಇದ್ರ ನಾ ಒಂದು ಮಾತೂ ಆಡತಿದ್ದಿಲ್ಲ. ಅದು ವಯಸ್ಸು. ಮೀಟರ್ ಹಿಂದಕ್ಕ ತಿರುಗಿಸೋದು ವಯಸ್ಸಲ್ಲ, ಕೈಗುಣ. ಗಾಡಿ ತಾನಾಗೇ ತನ್ನ ಮೀಟರ್ ತಿರುಗಿಸಿಕೊಳ್ಳಂಗಿಲ್ಲ.

ಮತ್ತ “ನೀವ ನೋಡಿ ತಗೋಬೇಕಿತ್ತು” ಅನ್ನೋ ಮಾತು. ನೋಡಬೇಕಿತ್ತು, ಒಪ್ಪಿದೆ. ಆದ್ರ ನೋಡದವರು ತಪ್ಪಿತಸ್ಥರು, ಮುಚ್ಚಿಟ್ಟಂವ ಶಾಣ್ಯಾ ಅನ್ನೋದು ಎಲ್ಲಿ ನ್ಯಾಯ? ಕಳವಾದ ಮನಿಗೆ ಹೋಗಿ “ಕೀಲಿ ಗಟ್ಟಿ ಇರಬೇಕಿತ್ತು” ಅಂದು, ಕಳ್ಳಗ ಚಾ ಕೊಟ್ಟಂಗಾತು ಇದು.

ಮೀಟರಿಗಿಂತ ದೊಡ್ಡ ಸಂಕಟ ಕಾಗದದ್ದು. 15 ದಿನ ಹೋಗಿ ಏಳು ತಿಂಗಳಾತು, ಗಾಡಿ ಮಗನ ಹೆಸರಿಗೆ ಆಗಲಿಲ್ಲ. ಯಾಕಂದ್ರ ಹಿಂದಿನ ಮಾಲಕನ ಬ್ಯಾಂಕ್ ಸಾಲ ಆರ್‌ಸಿಯೊಳಗ ಹಂಗ ಇತ್ತು. ಬ್ಯಾಂಕಿನ ಎನ್‌ಒಸಿ, ಫಾರ್ಮ್ 35 ಇಲ್ಲದ ಅದು ಹೋಗಂಗಿಲ್ಲ. ಡೀಲರ್ ನಮಗ ಕೊಟ್ಟಿದ್ದು ಹಿಂದಿನ ಮಾಲಕನ ಸಹಿ ಇದ್ದ ಖಾಲಿ ಫಾರ್ಮ್ 29, ಫಾರ್ಮ್ 30. ಅಂದ್ರ ಡೀಲರ್ ಹೆಸರು ಎಲ್ಲೂ ಇಲ್ಲ. ರೊಕ್ಕಾ ಎಣಸಗೊಂಡಂವ ಅವನ, ಕಾಗದದಾಗ ಗಾಳಿ.

ಇದರಿಂದ ಮಾರಿದವರಿಗೂ ಸುಖ ಇಲ್ಲ. ನಮ್ಮ ಎದರು ಮನಿ ಕಾಕಿಯವರು ತಮ್ಮ ಓಮ್ನಿ ಇನ್ನೊಬ್ಬ ಡೀಲರಿಗೆ ಕೊಟ್ಟು ಎರಡು ವರ್ಷ ಆಗಿತ್ತು. ಆ ಗಾಡಿ ಎಲ್ಲೋ ಒಬ್ಬರಿಗೆ ಬಡೀತು, ನೋಟಿಸು ಬಂದಿದ್ದು ಕಾಕಾರ ಹೆಸರಿಗೆ. ದಾಖಲ್ಯಾಗ ಯಾರ ಹೆಸರು ಐತಿ ಅವರ ಮಾಲಕರು, ಅಪಘಾತದ ಪರಿಹಾರದ ಹೊಣಿ ಅವರದ ಅಂತ ಸುಪ್ರೀಂ ಕೋರ್ಟ್ 2018ರಾಗ ಹೇಳೈತಿ. ಗಾಡಿ ಕೈ ಬದಲಾಗಿ ನಾಲ್ಕನೇದವರ ಹತ್ತರ ಹೋಗಿದ್ರೂ ಅದ. ಕಾಕಿ ಆ ತಿಂಗಳು ನಿದ್ದಿ ಮಾಡಿಲ್ಲ.

ಕಾನೂನು ಇಲ್ಲಂತ ಅಲ್ಲರಿ. 2023ರ ಏಪ್ರಿಲ್ 1ರಿಂದ ಹಳೇ ಗಾಡಿ ಮಾರೋ ಡೀಲರ್ ಆರ್‌ಟಿಓ ಕಡೆ ಅಧಿಕಾರ ಪತ್ರ ತಗೋಬೇಕು. ಮಾಲಕ ಗಾಡಿ ಒಪ್ಪಿಸಿದ್ದನ್ನ ಫಾರ್ಮ್ 29ಸಿ ಮೂಲಕ ಪೋರ್ಟಲ್ ಮ್ಯಾಲ ತಿಳಿಸಬೇಕು. ತಿಳಿಸಿದ ಮ್ಯಾಲ ಡೀಲರನ್ನ ಮಾಲಕ ಅಂತ ಲೆಕ್ಕ, ಗಾಡಿಗೆ ಏನಾದ್ರೂ ಅವನ ಹೊಣಿ. ಹೆಸರು ಬದಲಿ ಅರ್ಜಿ ಹಾಕೋ ಅಧಿಕಾರನೂ ಅವಗ ಐತಿ. ಇಷ್ಟು ಇದ್ದೂ ಖಾಲಿ ಫಾರ್ಮಿನ ವ್ಯಾಪಾರ ನಡದೈತಿ ಅಂದ್ರ, ಅದು ನಡಿಯೋದು ನಮ್ಮ “ಹೋಗ್ಲಿ ಬಿಡು” ಮ್ಯಾಲ. ಅವನ ಅಂಗಡಿಗೆ ನಾವ ಹಾಕಿದ ಬಂಡವಾಳ ಅದು.

ಎಲ್ಲಾ ಡೀಲರೂ ಹಂಗ ಅಂತ ನಾ ಹೇಳಂಗಿಲ್ಲ. ನನ್ನ ತಂಗಿ ಧಾರವಾಡದಾಗ ತಗೊಂಡಾಗ ಡೀಲರ್ ತಾನ ಗಾಡಿ ಗ್ಯಾರೇಜಿಗೆ ಒಯ್ದು, ಮ್ಯಾಲ ಎತ್ತಿಸಿ ತಳ ತೋರಿಸಿದ. “ಸೈಲೆನ್ಸರ್ ಇನ್ನೊಂದು ವರ್ಷ ಬಾಳಂಗಿಲ್ಲರಿ, ಅದಕ್ಕ ಇಷ್ಟು ಕಡಿಮಿ ಹಿಡೀರಿ” ಅಂದ. ಹೆಸರಿಗೆ ಆಗೋತನಕ 40,000 ರೂಪಾಯಿ ಹಿಡಕೊಳ್ಳಾಕ ಒಪ್ಪಿದ. ಮುಂದ ಅದ ವರ್ಷ ಸೈಲೆನ್ಸರ್ ಹೋತು, ತಂಗಿ ಅವನ್ನ ಬೈಲಿಲ್ಲ. ಖರೆ ಹೇಳಿ ಮಾರಿದ್ರ ವ್ಯಾಪಾರ ನಿಂದರಂಗಿಲ್ಲ ಅನ್ನೋರು ನನ್ನ ತಂಗಿನ್ನ ಕೇಳ್ರಿ.

ನಾವೇನ ಮಾಡಿದ್ವಿ? ಹಾಳ್ಯಾಗ ಬರದು ರಜಿಸ್ಟರ್ ಪೋಸ್ಟ್ ಹಾಕಿದ್ವಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕ ಫೋನ್ ಮಾಡಿ ದೂರು ಬರಸಿದ್ವಿ. ಏಳು ತಿಂಗಳು ಸಿಗದ ಬ್ಯಾಂಕಿನ ಎನ್‌ಒಸಿ ಮೂರು ವಾರದಾಗ ಸಿಕ್ಕಿತು, ಗಾಡಿ ಮಗನ ಹೆಸರಿಗೂ ಆತು. ಮೀಟರಿನ ಮಾತಿಗೆ ಮಾತ್ರ ಅಂವ ಬಗ್ಗಲಿಲ್ಲ. ಜಿಲ್ಲಾ ಗ್ರಾಹಕ ಆಯೋಗಕ್ಕ ಹೋಗೇವಿ. “ಧಂಧೆಕ್ಕ ತಗೊಂಡವರು ಗ್ರಾಹಕರಲ್ಲ” ಅಂತ ಅಂವ ಹೆದರಿಸಿದ. ಸ್ವಂತ ದುಡಿದು ಹೊಟ್ಟಿ ಹೊರ್ಯಾಕ ತಗೊಂಡಿದ್ರ ಅವರೂ ಗ್ರಾಹಕರ ಅಂತ 2019ರ ಕಾಯ್ದೆದಾಗ ಬರದೈತಿ. ವಕೀಲರ ಬೇಕಂತೇನಿಲ್ಲ, 5 ಲಕ್ಷದೊಳಗಿನ ಖರೀದಿಗೆ ಅರ್ಜಿ ಫೀ ಇಲ್ಲ, ಎರಡು ವರ್ಷದೊಳಗ ಹೋಗಬೇಕು ಅಷ್ಟ. ಕೇಸು ಇನ್ನೂ ನಡದೈತಿ. ಪಾಟ್ಲಿ ಇನ್ನೂ ಬ್ಯಾಂಕಿನ್ಯಾಗ ಅದಾವ. ಗೆಲ್ಲತೀವೋ ಸೋಲತೀವೋ, ಚೀಟಿ ಮಾತ್ರ ಹಾಳು ಮಾಡದಂಗ ಫೋಟೋ ತಗದು ಇಟ್ಟೇನಿ.

ಇನ್ನ ನಿಮಗ ಹೇಳೋದು. ಡೀಲರ್ ಕಡೆ ಮೊದಲು ಅಧಿಕಾರ ಪತ್ರ ಕೇಳ್ರಿ. ನಿಮ್ಮ ಪರಿಚಯದ ಮೆಕ್ಯಾನಿಕನ್ನ ಕರಕೊಂಡು ಹೋಗಿ, ಮ್ಯಾಟ್ ಎತ್ತಿ, ತಳ ನೋಡ್ರಿ. ಗಾಡಿ ನಂಬರ್ ಎಂಪರಿವಾಹನ್ ಆ್ಯಪಿನ್ಯಾಗ ಹಾಕಿ ಫಿಟ್‌ನೆಸ್, ವಿಮೆ ಎಲ್ಲಿತನಕ ಐತಿ ನೋಡ್ರಿ. ಆರ್‌ಸಿಯೊಳಗ ಸಾಲ ಇದ್ರ ಬ್ಯಾಂಕಿನ ಎನ್‌ಒಸಿ ಕೈಯಾಗ ಬರೋತನಕ ಮುಂಗಡನೂ ಕೊಡಬ್ಯಾಡ್ರಿ. ಬಾಯಿಲೆ ಹೇಳಿದ ಕಿಲೋಮೀಟರ್ ಬಿಲ್ಲಿನ್ಯಾಗ ಬರದು ಕೊಡು ಅನ್ರಿ. ಬರ್ಯಾಕ ಹಿಂದ ಸರದ್ರ ನೀವೂ ಹಿಂದ ಸರೀರಿ. ಹೆಸರಿಗೆ ಆಗೋತನಕ ಒಂದಿಷ್ಟು ರೊಕ್ಕಾ ಕೈಯಾಗ ಇಟ್ಟುಕೊಳ್ರಿ.

ಕಡೀ ಮಾತು. ನಿಮ್ಮ ಬಂಗಾರ ಒತ್ತಿ ಇಟ್ಟು ಗಾಡಿ ತರೋದಾದ್ರ, ನೋಡಾಕ ನೀವೂ ಹೋಗ್ರಿ. ಬಾಜಾರದಾಗ ನಾಲ್ಕು ಬದನಿಕಾಯಿ ತಗೊಳ್ಳಾಕ ತೊಟ್ಟು ಎತ್ತಿ ಹುಳಾ ನೋಡೋ ಕಣ್ಣು ನಮ್ಮವು. ಅವತ್ತು ನಾ ಹೋಗಿದ್ರ ಡೀಲರಿನ ಮುಂದ ಆ ಬಾಗಲಾ ತಗೀತಿದ್ದೆ. ಮತ್ತ ಇನ್ನೊಮ್ಮೆ ಯಾರಾದ್ರೂ ಮೋಸ ಹೋಗಿ ಬಂದು ನಿಮ್ಮ ಮುಂದ ಕುಂತಾಗ, “ಹೋಗ್ಲಿ ಬಿಡು” ಅನ್ನಬ್ಯಾಡ್ರಿ. “ಚೀಟಿ ಎಲ್ಲಿ ಐತಿ, ತೋರಸು” ಅನ್ರಿ.