ಕನಕಾಂಬರದ ಬೀಜ

ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ಒಪ್ಪುವ ಹೂವು ಯಾವುದೆಂದರೆ ಚಳ್ಳಕೆರೆಯ ಗೃಹಿಣಿಯರು ಕನಕಾಂಬರವನ್ನೇ ಹೆಸರಿಸಿಯಾರು. ಅದರಲ್ಲಿ ಹೊಸ ಬಣ್ಣವೊಂದನ್ನು ಹಿತ್ತಿಲಲ್ಲೇ ಬೀಜದಿಂದ ಪಡೆಯಬೇಕೆಂಬ ಹಂಬಲವುಳ್ಳವರು ಮೊದಲು ಗಿಡವನ್ನು ಗುರುತಿಸಿಕೊಳ್ಳಬೇಕು. ‘ಡೆಲ್ಲಿ ಕನಕಾಂಬರ’ವೆಂಬ ಗಾಢ ಕಿತ್ತಳೆಯ ತಳಿಯಲ್ಲಿ ವರ್ಣತಂತುಗಳು ಮೂರು ಕಂತೆಗಳಾಗಿರುವುದರಿಂದ ಅದು ಬೀಜ ಕಟ್ಟುವುದಿಲ್ಲ, ಕಡ್ಡಿ ನೆಟ್ಟೇ ಬೆಳೆಸಬೇಕು. ಅದರ ತೆನೆ ಒಣಗಲೆಂದು ಕಾದವರ ಶ್ರಮ ವ್ಯರ್ಥ.

ಸಾಮಾನ್ಯ ಕನಕಾಂಬರದ ಮಾತೇ ಬೇರೆ. ಒಣಗಿದ ಕಾಯಿಗೆ ನೀರು ತಗುಲಿದೊಡನೆ ಅದು ಚಟ್ಟನೆ ಸಿಡಿದು ಬೀಜವನ್ನು ದೂರಕ್ಕೆಸೆಯುತ್ತದೆ. ಮಳೆ ಅಪರೂಪವಾದ ಈ ಸೀಮೆಗೆ ಎಂಥ ಒಪ್ಪುವ ಏರ್ಪಾಡು! ಮಕ್ಕಳಿಗೆ ಇದು ಆಟ. ಬೀಜ ಬೇಕಾದವರಿಗೆ ನಷ್ಟ. ಆದುದರಿಂದ ಕಂದಿದ ತೆನೆಗೆ ತೆಳುಬಟ್ಟೆಯ ಚೀಲ ಕಟ್ಟುವುದು ಲೇಸು.

ಬಣ್ಣ ಬೆರೆಸಬೇಕಾದರೆ, ಅರಳುವ ಮುನ್ನ ಒಂದು ಹೂವಿನ ಕೇಸರಗಳನ್ನು ಕಿತ್ತು, ಬೇರೊಂದು ಬಣ್ಣದ ಗಿಡದ ಪರಾಗವನ್ನು ಅದರ ಶಲಾಕೆಗೆ ಸವರಬೇಕು. ಹುಟ್ಟಿದ ಸಸಿಗಳಲ್ಲಿ ಹೆಚ್ಚಿನವು ಸಾಧಾರಣವಾಗಿಯೇ ಇದ್ದಾವು. ವಿಶೇಷವಾದುದೊಂದು ಕಂಡರೆ ಅದನ್ನು ಕಡ್ಡಿಯಿಂದ ಉಳಿಸಿಕೊಳ್ಳಬೇಕು; ಬೀಜದಿಂದ ಮುಂದುವರಿಸಿದರೆ ಬಣ್ಣ ಚದುರೀತು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹೊರತಂದ ‘ಅರ್ಕ ಅಂಬರ’, ‘ಅರ್ಕ ಕನಕ’ಗಳ ಹಿಂದೆಯೂ ಆಯ್ಕೆಯ ದೀರ್ಘ ಶ್ರಮವುಂಟು.

ಮೆಚ್ಚದ ಗಿಡಗಳನ್ನು ಕೀಳಲು ಮನಸ್ಸು ಗಟ್ಟಿಮಾಡಿಕೊಳ್ಳಬೇಕು. ಬೇಸಿಗೆಯಲ್ಲಿ ಪಾತ್ರೆ ತೊಳೆದ ನೀರು ನಾಲ್ಕು ಗಿಡಗಳಿಗೆ ಸಾಲುವುದೇ ಕಷ್ಟ.